ರಕ್ತದ ರೋಗಕ್ಕೆ ಮದ್ದು ಅರಸಿದ ಡಾ. ಸುಬ್ಬರಾವ್

ಮೆಟ್ರಿಕ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದ ಹುಡುಗನೊಬ್ಬ ಮುಂದೆ ಜಗತ್ತಿಗೆ ಬೇಕಾದ ವಿಜ್ಞಾನಿಯಾದನು. ಅವರೇ ಡಾ. ಯಲ್ಲಾಪ್ರಗಡ ಸುಬ್ಬರಾವ್.

೧೮೯೫ರ ಜನವರಿ ೧೨ರಂದು ಆಂಧ್ರದ ಭೀಮವರಂನಲ್ಲಿ ಜನಿಸಿದ ಸುಬ್ಬರಾಯರು ಮೂರನೆಯ ಸಲ ಮೆಟ್ರಿಕ್ ಪಾಸಾಗಿ, ಮುಂದೆ ಮದರಾಸಿನ ವೈದ್ಯಕೀಯ ಕಾಲೇಜು ಸೇರಿದರು. ಅಲ್ಲಿ ಖಾದಿ ಉಡುಪು ತೊಟ್ಟದ್ದು ಆಂಗ್ಲ ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ. ಎಂ.ಬಿ.ಬಿ.ಎಸ್. ಬದಲು ಕೆಳದರ್ಜೆಯ ಎಲ್.ಎಂ.ಎಸ್. ಪದವಿಯಷ್ಟೇ ದೊರೆಯಿತು. ಅವರ ಇಬ್ಬರು ಸೋದರರು ಕೆಲವೇ ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ರೋಗಕ್ಕೆ ಬಲಿಯಾದರು. ಉಂಡದ್ದು ಮೈಗೆ ಹತ್ತದೆ ರಕ್ತ ಕುಂದುವ ರೋಗವದು. ಆಗ ಅದಕ್ಕೆ ಮದ್ದಿರಲಿಲ್ಲ.

ಮುಂದೆ ಅಮೆರಿಕೆಯ ಹಾರ್ವರ್ಡ್ ಸೇರಿ, ಹೊಟ್ಟೆಪಾಡಿಗಾಗಿ ಆಸ್ಪತ್ರೆಯಲ್ಲಿ ಕೂಲಿಕೆಲಸ ಮಾಡುತ್ತ ಓದಿದರು. ೧೯೪೦ರಲ್ಲಿ ಲೆಡರ್ಲೆ ಔಷಧ ಸಂಸ್ಥೆಗೆ ಹೋದರು. ಅಲ್ಲಿ ಅವರ ತಂಡ ೧೯೪೫ರಲ್ಲಿ ಫೋಲಿಕ್ ಆಮ್ಲವನ್ನು ಪ್ರಯೋಗಾಲಯದಲ್ಲೇ ತಯಾರಿಸಿತು. ಹಸಿರು ಸೊಪ್ಪಿನಲ್ಲಿರುವ ಜೀವಸತ್ವವಿದು. ಇದಿಲ್ಲದೆ ರಕ್ತಕಣಗಳು ಸರಿಯಾಗಿ ಬಲಿಯಲಾರವು. ಸೋದರರನ್ನು ಕೊಂದ ರೋಗಕ್ಕೆ ಹೀಗೆ ಮದ್ದು ಸಿಕ್ಕಿತು.

ರಕ್ತದ ಕ್ಯಾನ್ಸರಾದ ಲ್ಯುಕೇಮಿಯಾದಲ್ಲಿ ಬಲಿಯದ ಬಿಳಿ ರಕ್ತಕಣಗಳು ಮಿತಿಯಿಲ್ಲದೆ ಹೆಚ್ಚುತ್ತವೆ. ಬಾಸ್ಟನ್ನಿನ ಮಕ್ಕಳ ವೈದ್ಯ ಸಿಡ್ನಿ ಫಾರ್ಬರ್ ಈ ರೋಗಿಗಳಿಗೆ ಫೋಲಿಕ್ ಆಮ್ಲದ ಜಾತಿಯ ಪದಾರ್ಥಗಳನ್ನು ಕೊಟ್ಟಾಗ ರೋಗ ಇನ್ನಷ್ಟು ಉಲ್ಬಣಿಸಿತು. ಹಾಗಾದರೆ ಆ ಜೀವಸತ್ವವನ್ನು ತಡೆದರೆ ಹೇಗೆ? ಸುಬ್ಬರಾಯರ ತಂಡ ಅಮಿನಾಪ್ಟರಿನ್ ಎಂಬ ಔಷಧ ಒದಗಿಸಿತು. ಅದು ಬೀಗದೊಳಗೆ ಹೋಗಿಯೂ ತಿರುಗದ ಕಳ್ಳ ಬೀಗದ ಕೈ ಇದ್ದಂತೆ. ಫೋಲಿಕ್ ಆಮ್ಲದ ಜಾಗದಲ್ಲಿ ಕುಳಿತು ಕಣಗಳ ಬೆಳವಣಿಗೆಯನ್ನು ನಿಲ್ಲಿಸುತ್ತದೆ. ೧೬ ಮಕ್ಕಳಲ್ಲಿ ೧೦ ಮಂದಿ ಚೇತರಿಸಿಕೊಂಡರೆಂದು ೧೯೪೮ರ ಜೂನಿನಲ್ಲಿ ವರದಿ ಬಂತು. ಗುಣ ತಾತ್ಕಾಲಿಕವಾಗಿತ್ತು, ರೋಗ ಮರಳಿತು. ಆದರೂ ಮದ್ದಿಗೆ ಮಣಿಯದೆಂದು ಕೈಬಿಟ್ಟಿದ್ದ ರೋಗ ಮೊದಲ ಬಾರಿಗೆ ಮಣಿದಿತ್ತು.

ಅದೇ ಆಗಸ್ಟಿನಲ್ಲಿ ಸುಬ್ಬರಾಯರು ೫೩ನೆಯ ವಯಸ್ಸಿನಲ್ಲಿ ನಿದ್ರೆಯಲ್ಲೇ ತೀರಿಕೊಂಡರು. ತಾಯ್ನಾಡಿಗೆ ಮರಳಲೇ ಇಲ್ಲ. ಅವರ ದಾರಿಯಲ್ಲೇ ಬಂದ ಮೆಥೊಟ್ರೆಕ್ಸೇಟ್ ಇಂದಿಗೂ ಮಕ್ಕಳ ಲ್ಯುಕೇಮಿಯಾಕ್ಕೆ ಬಳಕೆಯಲ್ಲಿದೆ. ೧೯೮೦ರ ದಶಕದಲ್ಲಿ ಚೀನದ ಷಾಂಘೈ ವೈದ್ಯರು 'ಎ' ಜೀವಸತ್ವದಿಂದ ಬಂದ ಮದ್ದೊಂದನ್ನು ಒಂದು ಬಗೆಯ ಲ್ಯುಕೇಮಿಯಾಕ್ಕೆ ಕೊಟ್ಟರು. ಅದು ಬಲಿಯದ ಕಣಗಳನ್ನು ಕೊಲ್ಲದೆ, ಬಲಿಯುವಂತೆ ಮಾಡಿತು.

ವಿದ್ಯಾರ್ಥಿಗಳೇ, ಸುಬ್ಬರಾಯರು ತಮ್ಮ ಶ್ರಮದ ಫಲವನ್ನು ಪೂರ್ತಿ ಕಾಣಲಿಲ್ಲ. ಆದರೆ ಇಂದು ಲ್ಯುಕೇಮಿಯಾದಿಂದ ಗುಣಹೊಂದಿ ಶಾಲೆಗೆ ಮರಳುವ ಮಗುವಿನ ಹಿಂದೆ, ಎರಡು ಸಲ ನಪಾಸಾಗಿಯೂ ಓದು ಬಿಡದ ಆ ಹುಡುಗನಿದ್ದಾನೆ.