ಸೋಲರಿಯದ ಜಟ್ಟಿ, ಮುಗಿಯದ ಚರ್ಚೆ: ರಣಧೀರ ಕಂಠೀರವ

ಗರಡಿಯ ಮಾತು ಬಂದಾಗ ಕನ್ನಡಿಗರು ಮೊದಲು ನೆನೆಯುವ ಅರಸು ಕಂಠೀರವ ನರಸರಾಜ ಒಡೆಯರು. 1638ರಿಂದ 1659ರವರೆಗೆ ಶ್ರೀರಂಗಪಟ್ಟಣದಲ್ಲಿದ್ದು ಮೈಸೂರು ರಾಜ್ಯವನ್ನಾಳಿದ ಇವರಿಗೆ ರಣಧೀರ ಎಂಬ ಬಿರುದು ಹೆಸರಿನ ಭಾಗವೇ ಆಗಿಹೋಗಿದೆ. ಮಲ್ಲಯುದ್ಧದಲ್ಲಾಗಲಿ, ಮುಷ್ಟಿಕಾಳಗದಲ್ಲಾಗಲಿ, ಕತ್ತಿವರಸೆಯಲ್ಲಾಗಲಿ ಇವರನ್ನು ಮಣಿಸಿದವರಿಲ್ಲ ಎಂಬುದು ಜನಜನಿತ ನಂಬಿಕೆ. ಆ ನಂಬಿಕೆಯ ಬುಡದಲ್ಲಿರುವುದು ಒಂದೇ ಒಂದು ಪಂದ್ಯದ ಕಥೆ. ಅದು ನಡೆದುದೆಂದು ಹೇಳುವುದು ದೂರದ ತಿರುಚಿರಾಪಳ್ಳಿಯಲ್ಲಿ. ಆಗ ಇವರಿನ್ನೂ ಪಟ್ಟವೇರಿರಲಿಲ್ಲ.

ನರಸರಾಜರು ಹುಟ್ಟಿದ್ದು 1615ರಲ್ಲಿ. ಶ್ರೀರಂಗಪಟ್ಟಣವನ್ನು 1610ರಲ್ಲಿ ವಶಪಡಿಸಿಕೊಂಡು ಮೈಸೂರಿನ ಅಡಿಗಲ್ಲು ಭದ್ರಪಡಿಸಿದ ರಾಜ ಒಡೆಯರ ಸಹೋದರ ಬೆಟ್ಟದ ಚಾಮರಾಜ ಒಡೆಯರ ಮಗ ಇವರು. ಸಿಂಹಾಸನ ನೇರವಾಗಿ ಇವರ ಪಾಲಿಗೆ ಬರುವಂತಿರಲಿಲ್ಲ. ರಾಜಧಾನಿಯಿಂದ ದೂರ, ಇಂದಿನ ಗುಂಡ್ಲುಪೇಟೆ ಸೀಮೆಯ ತೆರಕಣಾಂಬಿಯಲ್ಲಿ ಇವರ ಎಳೆಯ ದಿನಗಳು ಕಳೆದವೆಂದು ಹೇಳಲಾಗುತ್ತದೆ. ಪಟ್ಟದ ಆಸೆಯಿಲ್ಲದ ಅರಸುಮಗನಿಗೆ ಗರಡಿಯ ಮಣ್ಣೇ ಆಸ್ತಿಯಾಗಿದ್ದಿರಬೇಕು.

ಇನ್ನು ಆ ಪಂದ್ಯ. ತಿರುಚಿರಾಪಳ್ಳಿಯ ಹೆಸರಾಂತ ಜಟ್ಟಿಯೊಬ್ಬ ತನ್ನ ಚಲ್ಲಣವನ್ನು ಊರಬಾಗಿಲಿಗೆ ತೂಗುಹಾಕಿದ್ದನಂತೆ. ಬಂದವರೆಲ್ಲ ಅದರಡಿಯಲ್ಲಿ ತಲೆತಗ್ಗಿಸಿ ಹಾಯಬೇಕು, ಒಲ್ಲದವರು ಅವನೊಡನೆ ಸೆಣಸಬೇಕು. ಸುದ್ದಿ ಕೇಳಿದ ನರಸರಾಜರು ವೇಷ ಮರೆಸಿಕೊಂಡು ಅಲ್ಲಿಗೆ ಹೋಗಿ, ಚಲ್ಲಣವನ್ನು ಕಿತ್ತೊಗೆದು, ಸಭೆಯೆದುರು ಜಟ್ಟಿಯನ್ನು ಕೊಂದು, ಉಡುಗೊರೆಗೂ ಕಾಯದೆ ಮರಳಿದರಂತೆ. ಒಂದು ಪಾಠದಲ್ಲಿ ಅದು ಕುಸ್ತಿ, ಇನ್ನೊಂದರಲ್ಲಿ ಕತ್ತಿಯ ಕಾಳಗ. ಅವಮಾನಗೊಂಡ ತಿರುಚಿರಾಪಳ್ಳಿಯವರು ಮುಂದೆ ಶ್ರೀರಂಗಪಟ್ಟಣದ ಅರಮನೆಗೇ ಕೊಲೆಗಡುಕರನ್ನು ಕಳುಹಿಸಿದರು, ಅರಸರು ಅವರನ್ನು ಒಬ್ಬಂಟಿಯಾಗಿ ಎದುರಿಸಿ ಉಳಿದರು ಎಂಬ ಎರಡನೆಯ ಅಂಕವೂ ಕಥೆಗಿದೆ. ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸದ ಮೊದಲ ಸಂಪುಟವನ್ನು ಪ್ರಕಟಿಸಿದ್ದು 1810ರಲ್ಲಿ. ಅರಸರು ತೀರಿಕೊಂಡು ಆಗಲೇ ಒಂದೂವರೆ ಶತಮಾನ ಕಳೆದಿತ್ತು. ಅಷ್ಟು ಕಾಲ ಬಾಯಿಂದ ಬಾಯಿಗೆ ಸಾಗಿದ ಕಥೆಯಲ್ಲಿ ನಡೆದದ್ದೆಷ್ಟು, ಕಟ್ಟಿದ್ದೆಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಹಾಗೆಂದು ಕಥೆಯ ನೆಲೆಯೇ ಪೊಳ್ಳೆನ್ನಲಾಗದು. ಮೈಸೂರು ಸೀಮೆಯ ಜಟ್ಟಿಗಳ ವಜ್ರಮುಷ್ಟಿ ಇಂದಿಗೂ ಕಣ್ಣಿಗೆ ಕಾಣುವ ಸಂಗತಿ. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಬಲಗೈ ಬೆರಳುಗಳಿಗೆ ಚೂಪು ಮೊನೆಗಳ ಆಯುಧ ತೊಟ್ಟು ಕಾದಾಡುತ್ತಾರೆ. ಎದುರಾಳಿಯ ತಲೆಯಿಂದ ರಕ್ತದ ಮೊದಲ ಹನಿ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರುಗಳ ಜಟ್ಟಿ ಮನೆತನಗಳು ಈ ವಿದ್ಯೆಯನ್ನು ಉಳಿಸಿಕೊಂಡು ಬಂದಿವೆ. ಅರಸನೇ ಅಖಾಡಕ್ಕಿಳಿಯುವುದು ಆ ಕಾಲದಲ್ಲಿ ಅಸಂಭವವೇನಲ್ಲ. ಅಚ್ಚರಿ ಹುಟ್ಟಿಸುವುದು ಪರರಾಜ್ಯದ ಅಖಾಡಕ್ಕೆ ಅಡಗಿ ಹೋದದ್ದು ಮಾತ್ರ.

ಪಟ್ಟ ಬಂದದ್ದು ರಕ್ತದ ಹಾದಿಯಲ್ಲಿ. 1637ರಲ್ಲಿ ಅರಸರಾದ ಇಮ್ಮಡಿ ರಾಜ ಒಡೆಯರು ಒಂದು ವರ್ಷ ತುಂಬುವಷ್ಟರಲ್ಲಿ ತೀರಿಕೊಂಡರು. ದಳವಾಯಿ ವಿಕ್ರಮರಾಯನು ವಿಷವಿಕ್ಕಿಸಿದನೆಂಬುದು ಪರಂಪರೆಯ ಆರೋಪ. 1638ರ ನವೆಂಬರಿನಲ್ಲಿ ಇಪ್ಪತ್ತಮೂರರ ನರಸರಾಜರು ಸಿಂಹಾಸನವೇರಿದರು. ಸ್ವಲ್ಪ ದಿನಗಳಲ್ಲೇ ದಳವಾಯಿ ಹತನಾದ.

ಹೊಸ ಅರಸರಿಗೆ ಉಸಿರಾಡಲೂ ಬಿಡುವಿರಲಿಲ್ಲ. ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ಅದೇ ವರ್ಷ ಬೆಂಗಳೂರನ್ನು ಮುಮ್ಮಡಿ ಕೆಂಪೇಗೌಡನಿಂದ ಕಿತ್ತುಕೊಂಡಿದ್ದ. ಕೆಂಪೇಗೌಡ ಮಾಗಡಿಗೆ ಸರಿದ. ಬೆಂಗಳೂರು ಶಹಾಜಿಯ ಜಹಗೀರಾಯಿತು. ವಿಜಯನಗರದ ಅಚ್ಯುತರಾಯ ಹಿಂದೆ ಹಿರಿಯ ಕೆಂಪೇಗೌಡನಿಗೆ ಬಿಟ್ಟುಕೊಟ್ಟನೆನ್ನುವ ಹೋಬಳಿಗಳ ಪಟ್ಟಿಯಲ್ಲಿ ಕೆಂಗೇರಿಯ ಹೆಸರೂ ಇದೆ. ಇಂದು ಕೆಂಗೇರಿ, ಬಿಡದಿ, ಚನ್ನಪಟ್ಟಣ, ಮದ್ದೂರುಗಳ ದಿಕ್ಕಿನಲ್ಲಿ ಸಾಗುವ ಮೈಸೂರು ರಸ್ತೆಯ ಎರಡು ತುದಿಗಳು ಆಗ ಎರಡು ಶತ್ರು ಪಾಳೆಯಗಳಾಗಿದ್ದವು. 1639ರ ಜನವರಿಯಲ್ಲಿ ಖಾನನ ಸೇನೆ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿತು. ಕೋಟೆ ಬೀಳಲಿಲ್ಲ, ಮುತ್ತಿಗೆ ಹಾಕಿದವರು ಹಿಂದೆಗೆದರು. ಪಟ್ಟವೇರಿ ಎರಡೇ ತಿಂಗಳಾಗಿದ್ದ ಅರಸ, ಬೆಂಗಳೂರನ್ನು ಗೆದ್ದ ಹುರುಪಿನಲ್ಲಿದ್ದ ಶತ್ರು ಎಂಬುದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ ಇದು ತಿರುಚಿರಾಪಳ್ಳಿಯ ಪಂದ್ಯಕ್ಕಿಂತ ಬಹು ದೊಡ್ಡ ಗೆಲುವು. ಜನಪದ ನೆನಪು ಮಾತ್ರ ಚಲ್ಲಣದ ಕಥೆಯನ್ನೇ ಹೆಚ್ಚು ಪ್ರೀತಿಸಿತು.

ಈ ಗೆಲುವಿನಲ್ಲೂ ಒಮ್ಮತವಿಲ್ಲ. ಮೈಸೂರಿನ ಬರಹಗಳಲ್ಲಿ ಬಿಜಾಪುರದವರು ಸೋತೋಡಿದರು. ಬಿಜಾಪುರದ ಪಾರಸಿ ಬರಹಗಳಲ್ಲಿ ಶ್ರೀರಂಗಪಟ್ಟಣದ ಅರಸ ಕಪ್ಪ ಕೊಡಲೊಪ್ಪಿ ಸಂಧಿ ಮಾಡಿಕೊಂಡ. ಕೋಟೆ ಕೈಬಿಡಲಿಲ್ಲ, ಹಣ ಕೈಬಿಟ್ಟಿರಬಹುದು ಎಂದರೆ ಎರಡೂ ಕಡೆಯವರು ಮುನಿಸಿಕೊಂಡಾರು. ಆದರೆ ಆ ಶತಮಾನದ ದಖನ್ನಿನಲ್ಲಿ ಯುದ್ಧಗಳು ಬಹುಮಟ್ಟಿಗೆ ಮುಗಿಯುತ್ತಿದ್ದುದು ಹೀಗೆಯೇ. ಒಂದಂತೂ ಸ್ಪಷ್ಟ. ಬೆಂಗಳೂರು ಅವರ ಜೀವಿತಕಾಲದಲ್ಲಿ ಮೈಸೂರಿಗೆ ಸೇರಲೇ ಇಲ್ಲ. ಅದನ್ನು ಪಡೆದವರು ಚಿಕ್ಕದೇವರಾಜ ಒಡೆಯರು. ಅದೂ 1687ರ ನಂತರ, ಮೂರು ಲಕ್ಷ ರೂಪಾಯಿ ತೆತ್ತು.

ಜಟ್ಟಿಯ ಕೀರ್ತಿಯ ನೆರಳಿನಲ್ಲಿ ಮಸುಕಾದದ್ದು ಆಡಳಿತಗಾರನ ಮುಖ. 1645ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಂಕಸಾಲೆ ಆರಂಭವಾಯಿತು. ಒಂದು ಮಗ್ಗುಲಲ್ಲಿ ನರಸಿಂಹ, ಇನ್ನೊಂದರಲ್ಲಿ ನಾಗರಿ ಲಿಪಿಯಲ್ಲಿ ಅರಸರ ಹೆಸರು ಹೊತ್ತ, ಕಿರುಬೆರಳ ಉಗುರಿಗಿಂತ ಸಣ್ಣದಾದ ಚಿನ್ನದ ಕಂಠೀರಾಯಿ ಹಣ ಅಲ್ಲಿಂದ ಹೊರಬಿತ್ತು. ಸ್ವಂತ ನಾಣ್ಯವೆಂದರೆ ಸ್ವತಂತ್ರ ಅರಸೊತ್ತಿಗೆಯ ಘೋಷಣೆ. ಹತ್ತು ಹಣಕ್ಕೊಂದು ಕಂಠೀರಾಯಿ ವರಹ ಎಂಬ ಲೆಕ್ಕ ಎಷ್ಟು ಬೇರೂರಿತೆಂದರೆ, ಟಿಪ್ಪು ಸುಲ್ತಾನನ ಪತನಾನಂತರ 1799ರಲ್ಲಿ ರಾಜ್ಯವನ್ನು ಹಂಚಿಕೊಂಡಾಗಲೂ ಬ್ರಿಟಿಷರು ಸೀಮೆಗಳ ಉತ್ಪತ್ತಿಯನ್ನು ಕಂಠೀರಾಯಿ ವರಹಗಳಲ್ಲೇ ಎಣಿಸಿದರು. ಇದರ ಜೊತೆಗೆ ಗೋವಿಂದವೈದ್ಯ 1648ರಲ್ಲಿ ಸಾಂಗತ್ಯದಲ್ಲಿ ರಚಿಸಿದ ಕಂಠೀರವ ನರಸರಾಜ ವಿಜಯವೂ ಇದೆ. ಶ್ರೀರಂಗಪಟ್ಟಣದ ನವರಾತ್ರಿಯ ವೈಭವ, ಬೀದಿ, ಓಲಗ, ಜಟ್ಟಿಕಾಳಗಗಳ ಇಷ್ಟು ಹತ್ತಿರದ ಚಿತ್ರ ಆ ಕಾಲದ ಬೇರೆ ಕೃತಿಯಲ್ಲಿ ಸಿಗುವುದು ವಿರಳ. ಆಶ್ರಯದಾತನನ್ನು ಹೊಗಳಲೆಂದೇ ಬರೆದ ಕಾವ್ಯವಾದ್ದರಿಂದ ಯುದ್ಧದ ಭಾಗಗಳನ್ನು ಎಚ್ಚರದಿಂದ, ಹಬ್ಬದ ಭಾಗಗಳನ್ನು ಸಂತೋಷದಿಂದ ಓದಿಕೊಳ್ಳಬಹುದು.

ಅಭಿಮಾನಿಗಳು ಸಾಮಾನ್ಯವಾಗಿ ಹಾರಿಸಿಬಿಡುವ ಅಧ್ಯಾಯ ಕೊನೆಯದು. 1656ರ ಸುಮಾರಿಗೆ ಮೈಸೂರಿನ ಸೇನೆ ಸತ್ಯಮಂಗಲದ ದಾರಿಯಾಗಿ ಮಧುರೆಯ ತಿರುಮಲ ನಾಯಕನ ರಾಜ್ಯಕ್ಕೆ ನುಗ್ಗಿತು. ಸಿಕ್ಕವರ ಮೂಗನ್ನು ಮೇಲ್ದುಟಿ ಸಮೇತ ಕೊಯ್ದು ಚೀಲಗಟ್ಟಲೆ ಶ್ರೀರಂಗಪಟ್ಟಣಕ್ಕೆ ಕಳುಹಿಸಿತೆಂದೂ, ಹೆಂಗಸರು ಮಕ್ಕಳಿಗೂ ವಿನಾಯಿತಿ ಇರಲಿಲ್ಲವೆಂದೂ ಆ ಸೀಮೆಯಲ್ಲಿದ್ದ ಜೆಸ್ಯುಯಿಟ್ ಪಾದ್ರಿಗಳ ಪತ್ರಗಳು ದಾಖಲಿಸಿವೆ. ಇತಿಹಾಸಕಾರರು ಇದನ್ನು ಮೂಗಿನ ಯುದ್ಧ ಎಂದೇ ಕರೆಯುತ್ತಾರೆ. ಹಾಸಿಗೆ ಹಿಡಿದಿದ್ದ ತಿರುಮಲ ನಾಯಕನ ನೆರವಿಗೆ ರಾಮನಾಥಪುರದ ಸೇತುಪತಿ ದಂಡು ತಂದ, ಮೈಸೂರಿನವರು ಹಿಮ್ಮೆಟ್ಟಿದರು. ಮಧುರೆಯ ಸೇನೆ ಬೆನ್ನಟ್ಟಿ ಬಂದು ಮೈಸೂರು ಸೀಮೆಯಲ್ಲಿ ಅದೇ ಕೃತ್ಯವೆಸಗಿತು. ಮೈಸೂರಿನ ಅರಸನ ಮೂಗನ್ನೇ ಕೊಯ್ದೊಯ್ದರೆಂದು ಸಾರುವ ಕಥನಗಳೂ ಆ ಕಡೆ ಹುಟ್ಟಿಕೊಂಡವು. ಅದನ್ನು ನಂಬಬೇಕಿಲ್ಲ. ಆದರೆ ತಿರುಚಿರಾಪಳ್ಳಿಯೂ ಮಧುರೆ ನಾಯಕರದೇ ಊರು ಎಂಬುದನ್ನು ನೆನೆದರೆ, ಒಂದು ರಾಜ್ಯ ಚಲ್ಲಣದ ಕಥೆಯನ್ನೂ ಇನ್ನೊಂದು ರಾಜ್ಯ ಮೂಗಿನ ಕಥೆಯನ್ನೂ ಏಕೆ ಜತನವಾಗಿ ಕಾಯ್ದುಕೊಂಡವು ಎಂಬುದು ತಿಳಿಯುತ್ತದೆ. ಮೂಗು ಕಳೆದುಕೊಂಡ ರೈತರ ಹೆಸರನ್ನು ಎರಡೂ ಕಡೆಯವರು ಬರೆದಿಡಲಿಲ್ಲ.

ತಿರುಮಲ ನಾಯಕನೂ ಕಂಠೀರವ ನರಸರಾಜರೂ ಕಣ್ಮುಚ್ಚಿದ್ದು 1659ರಲ್ಲೇ, ಕೆಲವು ತಿಂಗಳ ಅಂತರದಲ್ಲಿ. ನರಸರಾಜರಿಗೆ ಆಗ ನಲವತ್ತನಾಲ್ಕು ವರ್ಷ. ದೊಡ್ಡದೇವರಾಜ ಒಡೆಯರು ಪಟ್ಟವೇರಿದರು.

ಮುನ್ನೂರು ವರ್ಷಗಳ ನಂತರ ಅವರಿಗೆ ಹೊಸ ದೇಹ ಸಿಕ್ಕಿತು. ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು ಮತ್ತು ಜಿ.ವಿ. ಅಯ್ಯರ್ ಸೇರಿ ಕಟ್ಟಿದ ಕನ್ನಡ ಚಲನಚಿತ್ರ ಕಲಾವಿದರ ಸಂಘ, ಎನ್.ಸಿ. ರಾಜನ್ ನಿರ್ದೇಶನದಲ್ಲಿ 1960ರಲ್ಲಿ ರಣಧೀರ ಕಂಠೀರವ ಚಿತ್ರವನ್ನು ತೆರೆಗೆ ತಂದಿತು. ಅಂದಿನಿಂದ ಕನ್ನಡಿಗರ ಮನಸ್ಸಿನಲ್ಲಿ ಕಂಠೀರವನಿಗೆ ರಾಜಕುಮಾರರ ಮುಖ. ಆ ಚಿತ್ರದಲ್ಲಿ ಅರಸ ಸೋಲುವುದಿಲ್ಲ, ಮೂಗಿನ ಯುದ್ಧ ಜನರ ನೆನಪಿಗೆ ಬರುವುದೂ ಇಲ್ಲ. 2006ರ ಏಪ್ರಿಲ್‌ನಲ್ಲಿ ನಿಧನರಾದ ರಾಜಕುಮಾರರನ್ನು ಮಣ್ಣು ಮಾಡಿದ್ದು ಬೆಂಗಳೂರಿನ ಕಂಠೀರವ ಸ್ಟುಡಿಯೋ ಆವರಣದಲ್ಲಿ.

ಅರಸರ ನಿಜವಾದ ಚಹರೆ ನೋಡಬಯಸುವವರು ಶ್ರೀರಂಗಪಟ್ಟಣಕ್ಕೇ ಹೋಗಬೇಕು. ಅವರೇ ಕಟ್ಟಿಸಿದ ನರಸಿಂಹಸ್ವಾಮಿ ದೇವಾಲಯದಲ್ಲಿ ಆಳೆತ್ತರಕ್ಕೂ ಕಡಿಮೆಯಿರುವ, ಪೀಠದಲ್ಲಿ ಹೆಸರು ಕೊರೆದಿರುವ ಅವರ ಕರಿಕಲ್ಲಿನ ಪ್ರತಿಮೆಯಿದೆ. ಅಲ್ಲಿ ಕಂಠೀರವ ನರಸರಾಜ ಒಡೆಯರು ಕೈಮುಗಿದು ನಿಂತಿದ್ದಾರೆ.