ಶಿರೂರು ಮಠದ ಶ್ರೀ ಲಕ್ಷ್ಮೀಂದ್ರತೀರ್ಥ ಶ್ರೀಪಾದಂಗಳವರು: ಮಠಧರ್ಮ ಮತ್ತು ರಾಜಶಾಸನ

ಉಡುಪಿಯ ಅಷ್ಟಮಠಗಳ ಯತಿಪರಂಪರೆಯಲ್ಲಿ ಗ್ರಂಥರಚನೆಯಿಂದ ಕೀರ್ತಿಶೇಷರಾದವರುಂಟು, ವಾದವಿಜಯದಿಂದ ಪ್ರಸಿದ್ಧರಾದವರುಂಟು, ತಪೋನಿಷ್ಠೆಯಿಂದ ಜನಮನದಲ್ಲಿ ನೆಲೆಸಿದವರುಂಟು. ಆದರೆ ಭಾರತದಲ್ಲಿ ನ್ಯಾಯಶಾಸ್ತ್ರವನ್ನು ಅಭ್ಯಸಿಸುವ ಪ್ರತಿಯೊಬ್ಬ ವಿದ್ಯಾರ್ಥಿಯೂ, ಅವನು ಯಾವ ಮತದವನೇ ಆಗಿರಲಿ, ಒಮ್ಮೆಯಾದರೂ ಓದಲೇಬೇಕಾದ ಹೆಸರು ಆ ಪರಂಪರೆಯಲ್ಲಿ ಶಿರೂರು ಮಠದ ಶ್ರೀ ಲಕ್ಷ್ಮೀಂದ್ರತೀರ್ಥ ಶ್ರೀಪಾದಂಗಳವರದು. ಧರ್ಮಸಂಸ್ಥೆಗಳಿಗೂ ಸರಕಾರಕ್ಕೂ ನಡುವೆ ಗಡಿ ಎಲ್ಲಿ ಎಂಬ ಪ್ರಶ್ನೆ ಎದ್ದಾಗಲೆಲ್ಲ ನ್ಯಾಯವಾದಿಗಳು ಮೊದಲು ತೆರೆಯುವುದು ಶಿರೂರು ಮಠದ ತೀರ್ಪನ್ನು. ವಿಷಾದದ ಸಂಗತಿಯೆಂದರೆ, ನಮ್ಮ ಮಾಧ್ವ ಕುಟುಂಬಗಳಲ್ಲೇ ಈ ವೃತ್ತಾಂತವನ್ನು ಬಲ್ಲವರು ವಿರಳ. ಆ ಕೊರತೆಯನ್ನು ಕಿಂಚಿತ್ತಾದರೂ ತುಂಬಲೆಂದು ಈ ಲೇಖನವನ್ನು ವಾಚಕರ ಮುಂದಿರಿಸುತ್ತಿದ್ದೇವೆ.

ಶ್ರೀಮದಾಚಾರ್ಯರ ಶಿಷ್ಯರಾದ ಶ್ರೀ ವಾಮನತೀರ್ಥರೇ ಶಿರೂರು ಮಠದ ಮೂಲಯತಿಗಳು. ಹಿರಿಯಡಕದ ಸಮೀಪ ಸ್ವರ್ಣಾ ನದೀತೀರದಲ್ಲಿ ಮೂಲಮಠವಿದೆ. ಸೋದೆ ಮಠವು ಇದಕ್ಕೆ ದ್ವಂದ್ವಮಠ. ಶ್ರೀಕೃಷ್ಣಮಠಕ್ಕೆ ಪ್ರತ್ಯೇಕ ಅಧಿಪತಿಗಳಿಲ್ಲ. ಎಂಟು ಮಠಗಳ ಯತಿಗಳು ಸರದಿಯಂತೆ ಎರಡೆರಡು ವರ್ಷ ಪೂಜಾಧಿಕಾರವನ್ನು ವಹಿಸುತ್ತಾರೆ. ಹದಿನಾರು ವರ್ಷಗಳಿಗೊಮ್ಮೆ ಬರುವ ಈ ಪರ್ಯಾಯವು ಪ್ರತಿಯೊಂದು ಮಠಕ್ಕೂ ಮಹಾಭಾಗ್ಯವೂ ಹೌದು, ಮಹಾಭಾರವೂ ಹೌದು. ಬಾಳೆಮುಹೂರ್ತ, ಅಕ್ಕಿಮುಹೂರ್ತ, ಕಟ್ಟಿಗೆಮುಹೂರ್ತ, ಭತ್ತಮುಹೂರ್ತಗಳೆಂಬ ಹೆಸರುಗಳೇ ಹೇಳುವಂತೆ, ಪರ್ಯಾಯದ ಸಿದ್ಧತೆಯೆಂದರೆ ಬಹುಪಾಲು ಅನ್ನದ ಸಿದ್ಧತೆ. ಅಕ್ಷಯಪಾತ್ರೆಯನ್ನೂ ಸಟ್ಟುಗವನ್ನೂ ಸ್ವೀಕರಿಸಿದ ಯತಿಗಳು ಬಂದವರನ್ನು ಉಣಿಸದೆ ಕಳುಹಿಸುವಂತಿಲ್ಲ. ಈ ಸಂಪ್ರದಾಯದಿಂದಲೇ ನಮ್ಮ ಕಥೆಯ ಕಷ್ಟಗಳೆಲ್ಲ ಹುಟ್ಟಿದವು.

ಶ್ರೀ ಲಕ್ಷ್ಮೀಂದ್ರತೀರ್ಥರು 1919ರಲ್ಲಿ ಪೀಠವನ್ನೇರಿದಾಗ ಇನ್ನೂ ಅಪ್ರಾಪ್ತವಯಸ್ಕರು. ಪ್ರಾಪ್ತವಯಸ್ಕರಾಗಿ 1926ರ ಸುಮಾರಿಗೆ ಮಠದ ಆಡಳಿತವನ್ನು ಸ್ವತಃ ವಹಿಸಿಕೊಂಡಾಗ ಅವರ ಕೈಗೆ ಬಂದದ್ದು ಸಾಲದ ಹೊರೆ. ತರುಣ ಯತಿಗಳು ಎದೆಗುಂದಲಿಲ್ಲ. ನಾಲ್ಕೈದು ವರ್ಷಗಳೊಳಗೆ ಸಾಲದ ಬಹುಭಾಗವನ್ನು ತೀರಿಸಿದರು. ಅಷ್ಟರಲ್ಲಿ ಮೊದಲ ಪರ್ಯಾಯ ಬಂದಿತು. ಅದರ ವೆಚ್ಚಕ್ಕಾಗಿ ಪುನಃ ಸಾಲ ಮಾಡಬೇಕಾಯಿತು. ಬಳಿಕ ಸ್ಥಿತಿ ತುಸು ಸುಧಾರಿಸಿತಾದರೂ 1946ರಲ್ಲಿ ಎರಡನೆಯ ಪರ್ಯಾಯ ಬಂದದ್ದು ಮಹಾಯುದ್ಧದ ಬೆನ್ನಿನಲ್ಲಿ. ಧಾನ್ಯ ದುರ್ಲಭ, ಬೆಲೆ ದುಬಾರಿ. ಸಂಪ್ರದಾಯವಾದರೋ ಕಾಲವನ್ನು ನೋಡಿ ಕಡಿಮೆಯಾಗುವಂಥದಲ್ಲ. ಸಾಲ ಏರುತ್ತ ಏರುತ್ತ ಸುಮಾರು ಒಂದು ಲಕ್ಷ ರೂಪಾಯಿಯ ಹತ್ತಿರಕ್ಕೆ ಬಂದಿತು. ಅಂದಿನ ಒಂದು ಲಕ್ಷವೆಂದರೆ ಎಷ್ಟೆಂಬುದನ್ನು ಮನೆಯ ಹಿರಿಯರಿಂದ ಕೇಳಿ ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಇಲ್ಲಿ ಸರಕಾರದ ಪ್ರವೇಶವಾಯಿತು. ದಕ್ಷಿಣ ಕನ್ನಡವು ಆಗ ಮದ್ರಾಸು ಪ್ರಾಂತಕ್ಕೆ ಸೇರಿದ್ದಿತು. ಆ ಪ್ರಾಂತದಲ್ಲಿ ದೇವಾಲಯಗಳ ಮೇಲ್ವಿಚಾರಣೆಗೆ ದೀರ್ಘ ಇತಿಹಾಸವಿದೆ. 1817ರ ಶಾಸನದಿಂದ ಕುಂಪಣಿ ಸರಕಾರವು ದೇವಸ್ವಗಳನ್ನು ಕಂದಾಯ ಮಂಡಳಿಯ ಅಧೀನಕ್ಕೆ ತಂದಿತು. 1863ರ ಕಾಯಿದೆಯಿಂದ ಸರಕಾರ ತನ್ನ ಕೈಯನ್ನು ಹಿಂತೆಗೆದುಕೊಂಡಿತು. ಆಮೇಲೆ ದತ್ತಿಗಳು ದುರ್ವಿನಿಯೋಗವಾಗುತ್ತಿವೆ ಎಂಬ ಕೂಗು ಜನರಿಂದಲೇ ಎದ್ದುದರಿಂದ 1920ರ ದಶಕದಲ್ಲಿ ಹಿಂದೂ ಧರ್ಮದತ್ತಿ ಮಂಡಳಿಯ ಸ್ಥಾಪನೆಯಾಯಿತು. 1927ರ ಕಾಯಿದೆಯಂತೆ ನಡೆಯುತ್ತಿದ್ದ ಆ ಮಂಡಳಿಯೇ ಶಿರೂರು ಮಠದ ಸಾಲವನ್ನು ಕಂಡು, ಸಮರ್ಥ ವ್ಯವಸ್ಥಾಪಕರೊಬ್ಬರನ್ನು ನೇಮಿಸಿಕೊಳ್ಳುವಂತೆ ಶ್ರೀಪಾದರಿಗೆ ಆಜ್ಞಾಪಿಸಿತು. ಅದರಂತೆ 1948ರ ಡಿಸೆಂಬರ್ 24ರಂದು ಏಜೆಂಟರೊಬ್ಬರಿಗೆ ಮುಖ್ತ್ಯಾರುನಾಮೆಯನ್ನು ಬರೆದುಕೊಡಲಾಯಿತು.

ಮುಂದಿನದು ಕಲಹದ ಕಾಲ. ಏಜೆಂಟರು ತಮ್ಮ ಇಚ್ಛೆಯನ್ನು ಲೆಕ್ಕಿಸುವುದಿಲ್ಲ, ಲೆಕ್ಕಪತ್ರವನ್ನೂ ಒಪ್ಪಿಸುವುದಿಲ್ಲ ಎಂಬುದು ಶ್ರೀಪಾದರ ಆಕ್ಷೇಪವಾಗಿದ್ದಿತು. 1950ರ ಸೆಪ್ಟೆಂಬರ್ 26ರಂದು ನೋಟೀಸು ಕೊಟ್ಟು ಮುಖ್ತ್ಯಾರುನಾಮೆಯನ್ನು ರದ್ದುಪಡಿಸಿದರು. ಅಕ್ಟೋಬರ್ ಮೊದಲ ವಾರದಲ್ಲಿ ದಾವೆಯನ್ನೂ ಹೂಡಿದರು. ಏಜೆಂಟರು ಮಂಡಳಿಗೆ ದೂರಿತ್ತರು. ಮಂಡಳಿಯಾದರೋ ದಾವೆಯ ತೀರ್ಮಾನಕ್ಕೆ ಕಾಯದೆ, ಮಠದ ದತ್ತಿಗಳು ಅವ್ಯವಸ್ಥೆಯಲ್ಲಿವೆಯೆಂದು ನವೆಂಬರಿನಲ್ಲಿ ತಾನೇ ನೋಟೀಸು ಹೊರಡಿಸಿತು. ಶ್ರೀಪಾದರ ಪರವಾಗಿ ಒಂದು ಪ್ರಾರ್ಥನೆಯನ್ನು ಸಲ್ಲಿಸಲಾಯಿತು: ಲೆಕ್ಕದ ಪುಸ್ತಕಗಳು ಏಜೆಂಟರ ವಶದಲ್ಲಿವೆ, ಅವುಗಳನ್ನು ಕೊಡಿಸದೆ ಉತ್ತರ ಬರೆಯುವುದು ಹೇಗೆ ಎಂದು. ಅವರ ವಕೀಲರು ಕಾಯಿಲೆ ಬಿದ್ದರು. 1951ರ ಜನವರಿ 10ರ ವಿಚಾರಣೆಗೆ ಇನ್ನೊಂದು ವಾಯಿದೆಯನ್ನು ಬೇಡಿ ಮದ್ರಾಸಿಗೆ ತಂತಿ ಹೋಯಿತು. ವಾಯಿದೆ ದೊರೆಯಲಿಲ್ಲ; ವಿಚಾರಣೆ ಮುಗಿಯಿತು. ಅದೇ ತಿಂಗಳು 24ರಂದು, ಮಠದ ಆಡಳಿತಕ್ಕೆ ಮಂಡಳಿಯು ಸಿದ್ಧಪಡಿಸಿದ ಯೋಜನೆಯ ಕರಡು ಶ್ರೀಪಾದರ ಕೈಸೇರಿತು.

ಸಾಮಾನ್ಯ ಮನುಷ್ಯನಾಗಿದ್ದರೆ ಇಲ್ಲಿಗೆ ತಲೆಬಾಗುತ್ತಿದ್ದನು. ಆದರೆ ಆ ಹೊತ್ತಿಗೆ ಸಂವಿಧಾನವು ಜಾರಿಗೆ ಬಂದು ಒಂದು ವರ್ಷವಾಗಿದ್ದಿತಷ್ಟೆ. ಅದರ 25 ಮತ್ತು 26ನೆಯ ವಿಧಿಗಳ ಅರ್ಥವ್ಯಾಪ್ತಿ ಎಷ್ಟೆಂಬುದನ್ನು ಅಂತಿಮವಾಗಿ ಯಾರೂ ನಿರ್ಣಯಿಸಿರಲಿಲ್ಲ. 1951ರ ಫೆಬ್ರವರಿ 12ರಂದು ಶ್ರೀಪಾದರು ಮದ್ರಾಸು ಹೈಕೋರ್ಟಿನಲ್ಲಿ ಅರ್ಜಿಯನ್ನು ಸಲ್ಲಿಸಿ, ಮಂಡಳಿಯನ್ನು ತಡೆಯಬೇಕೆಂದು ಪ್ರಾರ್ಥಿಸಿದರು. ಆ ವರ್ಷವೇ ಹಳೆಯ ಕಾಯಿದೆ ಹೋಗಿ, ಮಂಡಳಿಯ ಸ್ಥಾನದಲ್ಲಿ ಕಮಿಷನರರನ್ನು ನಿಲ್ಲಿಸಿದ ಹೊಸ ಕಾಯಿದೆ ಬಂದಿತು. ಅರ್ಜಿಯನ್ನು ತಿದ್ದಿ ಹೊಸ ಕಾಯಿದೆಯನ್ನೂ ಪ್ರಶ್ನಿಸಲಾಯಿತು. ಒಂದು ಮಠದ ಸಾಲದ ಜಗಳವು ಹೀಗೆ ದೇಶದ ಧರ್ಮಸಂಸ್ಥೆಗಳೆಲ್ಲವುಗಳ ಪ್ರಶ್ನೆಯಾಯಿತು. ಚಿದಂಬರದ ದೀಕ್ಷಿತರ ಅರ್ಜಿಯೂ ಇದರೊಡನೆ ವಿಚಾರಣೆಗೆ ಬಂದಿತೆಂಬುದರಿಂದ ಅದರ ವ್ಯಾಪ್ತಿಯನ್ನು ಊಹಿಸಬಹುದು. 1951ರ ಡಿಸೆಂಬರ್ 13ರಂದು ಹೈಕೋರ್ಟು ಶ್ರೀಪಾದರ ಪರವಾಗಿ ತೀರ್ಪಿತ್ತಿತು. ಸರಕಾರದ ಕಮಿಷನರರು ದೆಹಲಿಗೆ ಮೇಲ್ಮನವಿ ಒಯ್ದರು.

ಸುಪ್ರೀಮ್ ಕೋರ್ಟಿನ ಏಳು ನ್ಯಾಯಾಧೀಶರ ಪೀಠವು 1954ರಲ್ಲಿ ಆ ಮೇಲ್ಮನವಿಯನ್ನು ವಜಾಗೊಳಿಸಿತು. ತೀರ್ಪನ್ನು ಬರೆದವರು ನ್ಯಾಯಮೂರ್ತಿ ಬಿಜನ್ ಕುಮಾರ್ ಮುಖರ್ಜಿಯವರು. ಹಿಂದೂ ಧರ್ಮದತ್ತಿಗಳ ನ್ಯಾಯದ ಬಗೆಗೆ ಕಲಕತ್ತಾ ವಿಶ್ವವಿದ್ಯಾಲಯದ ಟಾಗೋರ್ ಉಪನ್ಯಾಸಗಳನ್ನಿತ್ತ ವಿದ್ವಾಂಸರು ಅವರು. ಅದೇ ವರ್ಷದ ಕೊನೆಯಲ್ಲಿ ಭಾರತದ ಮುಖ್ಯ ನ್ಯಾಯಾಧೀಶರಾದರು. ಮಠವೆಂದರೇನು, ಪರ್ಯಾಯವೆಂದರೇನು ಎಂಬುದನ್ನು ಆ ವಂಗದೇಶೀಯರು ತೀರ್ಪಿನ ಆದಿಯಲ್ಲೇ ಎಷ್ಟು ಗೌರವದಿಂದ ನಿರೂಪಿಸಿದ್ದಾರೆಂಬುದನ್ನು ಓದಿದಾಗ ನಮಗೆ ಅಭಿಮಾನವುಂಟಾಗುತ್ತದೆ.

ತೀರ್ಪಿನ ಸಾರವನ್ನು ನಮಗೆ ತಿಳಿದಂತೆ ಹೇಳುತ್ತೇವೆ. ಮೊದಲನೆಯದು, ಶ್ರೀಮಧ್ವಾಚಾರ್ಯರ ಅನುಯಾಯಿಗಳು ಒಂದು ಧಾರ್ಮಿಕ ಪಂಗಡ, ಒಂದೊಂದು ಮಠವೂ ಅದರ ಒಂದು ಶಾಖೆ. ಆದ್ದರಿಂದ ಸಂವಿಧಾನದ 26ನೆಯ ವಿಧಿಯ ರಕ್ಷೆ ಮಠಕ್ಕುಂಟು. ಎರಡನೆಯದು, ಧರ್ಮವೆಂದರೆ ಮನಸ್ಸಿನ ನಂಬಿಕೆ ಮಾತ್ರವಲ್ಲ. ಪೂಜೆ, ನೈವೇದ್ಯ, ಉತ್ಸವ, ಆಹಾರ, ಉಡುಪುಗಳ ನಿಯಮವೂ ಧರ್ಮದ ಅಂಗವಾಗಿರಬಹುದು. ಯಾವುದು ಅವಶ್ಯಕವಾದ ಅಂಗವೆಂಬುದನ್ನು ಆ ಮತದ ಸಿದ್ಧಾಂತದಿಂದಲೇ ತಿಳಿಯಬೇಕು. ಹೊರಗಿನ ಅಧಿಕಾರಿ ಅದನ್ನು ನಿರ್ಧರಿಸಲಾಗದು. ಮೂರನೆಯದು, ಮಠಾಧಿಪತಿಗಳು ಸಂಬಳದ ನೌಕರರಲ್ಲ, ಪೂರ್ಣ ಒಡೆಯರೂ ಅಲ್ಲ. ಅವರಲ್ಲಿ ಕರ್ತವ್ಯವೂ ಅಧಿಕಾರವೂ ಬೇರ್ಪಡಿಸಲಾಗದಂತೆ ಹೆಣೆದುಕೊಂಡಿವೆ. ಅವರನ್ನು ನೌಕರರ ಮಟ್ಟಕ್ಕಿಳಿಸುವಂತೆ ಯಾವಾಗ ಬೇಕಾದರೂ ವ್ಯವಸ್ಥಾಪಕರನ್ನು ನೇಮಿಸೆಂದು ಆಜ್ಞಾಪಿಸುವ ಕಲಮು, ಪಾದಕಾಣಿಕೆಯ ವಿನಿಯೋಗವನ್ನು ಕಟ್ಟಿಹಾಕುವ ಕಲಮು, ಅಧಿಕಾರಿಗಳು ಬೇಕೆಂದಾಗ ಎಲ್ಲಿಗೆ ಬೇಕಾದರೂ ಪ್ರವೇಶಿಸಬಹುದೆನ್ನುವ ಕಲಮು ಮುಂತಾದವು ಅಸಿಂಧುವಾದವು. ಮಠದ ಆದಾಯದ ನೂರಕ್ಕೆ ಐದರವರೆಗೆ ವಸೂಲು ಮಾಡುವ ಅಧಿಕಾರವೂ ಬಿದ್ದುಹೋಯಿತು. ಮಾಡಿದ ಸೇವೆಗೆ ಪಡೆವ ಶುಲ್ಕ ಅದಲ್ಲ, ತೆರಿಗೆಯೇ ಆಗಿದೆ, ಅಂಥ ತೆರಿಗೆಯನ್ನು ಹಾಕುವ ಅಧಿಕಾರ ರಾಜ್ಯದ ಶಾಸನಸಭೆಗಿಲ್ಲ ಎಂಬುದು ಕಾರಣ.

ಇಷ್ಟನ್ನು ಸಭೆಗಳಲ್ಲಿ ಉತ್ಸಾಹದಿಂದ ಹೇಳುವವರುಂಟು. ಆದರೆ ತೀರ್ಪಿನ ಉತ್ತರಾರ್ಧವನ್ನು ಹೇಳದಿದ್ದರೆ ಸತ್ಯಕ್ಕೆ ಲೋಪ ಬಂದೀತು. ಧರ್ಮಕಾರ್ಯಗಳಲ್ಲಿ ಪಂಗಡಕ್ಕೆ ಸ್ವಾತಂತ್ರ್ಯವುಂಟು. ಆಸ್ತಿಯ ಆಡಳಿತದಲ್ಲಾದರೆ ಅದು ಕಾನೂನಿಗೆ ಅಧೀನ. ಆಡಳಿತದ ಹಕ್ಕನ್ನು ಸರಕಾರ ಪೂರ್ತಿಯಾಗಿ ಕಿತ್ತುಕೊಳ್ಳುವಂತಿಲ್ಲ, ಆದರೆ ನಿಯಂತ್ರಿಸಬಹುದು. ಯಾವ ಪೂಜೆ, ಯಾವ ಉತ್ಸವ ನಡೆಯಬೇಕೆಂಬುದು ಧರ್ಮದ ಮಾತು. ಅದಕ್ಕೆ ಎಷ್ಟು ವೆಚ್ಚವೆಂಬುದು ಆಸ್ತಿಯ ಮಾತು, ಅದನ್ನು ಶಾಸನವು ಪ್ರಶ್ನಿಸಬಹುದು. ಪರ್ಯಾಯದ ವೆಚ್ಚದಿಂದ ಹುಟ್ಟಿದ ವ್ಯಾಜ್ಯದಲ್ಲಿಯೇ ಈ ಮಾತು ಬಂದಿತೆಂಬುದನ್ನು ನಾವು ಮರೆಯಬಾರದು. ಅನ್ನದಾನವು ಧರ್ಮ, ಅದರ ಲೆಕ್ಕಕ್ಕೆ ಮಾತ್ರ ಧರ್ಮದ ಹೆಸರಿನಲ್ಲಿ ವಿನಾಯಿತಿಯಿಲ್ಲ.

ನಮ್ಮ ಸಿದ್ಧಾಂತವನ್ನು ಬಲ್ಲವರಿಗೆ ಇದು ಹೊಸತಾಗಿ ತೋರಬಾರದು. ಸ್ವತಂತ್ರನು ಶ್ರೀಹರಿಯೊಬ್ಬನೇ, ಉಳಿದುದೆಲ್ಲ ಅಸ್ವತಂತ್ರ ಎಂಬುದು ನಮ್ಮ ಮೊದಲ ಪಾಠ. ದೇವಸ್ವವೆಂದರೆ ಕೃಷ್ಣನ ಸ್ವತ್ತು. ಅದನ್ನು ಕಾಯುವ ಯತಿಗಳಾಗಲಿ, ಪಾರುಪತ್ಯಗಾರರಾಗಲಿ, ಹೂ-ತುಳಸಿಯ ಬುಟ್ಟಿಯನ್ನು ಹಿಡಿದ ನಮ್ಮಂಥ ಅರ್ಚಕ ಮನೆತನದವರಾಗಲಿ, ಪರರ ಒಡವೆಯನ್ನು ಕೈಯಲ್ಲಿ ಹಿಡಿದವರೇ ಹೊರತು ಒಡೆಯರಲ್ಲ. ಹಿಡಿದವನಿಗೆ ಲೆಕ್ಕ ಕೊಡುವುದು ಅವಮಾನವಲ್ಲ. ಶ್ರೀ ಲಕ್ಷ್ಮೀಂದ್ರತೀರ್ಥರು ಏಜೆಂಟರಿಂದ ಕೇಳಿದ್ದೂ ಲೆಕ್ಕವನ್ನೇ. ಮಂಡಳಿಯು ಶ್ರೀಪಾದರಿಂದ ಕೇಳಿದ್ದೂ ಲೆಕ್ಕವನ್ನೇ. ಅವರು ಪ್ರತಿಭಟಿಸಿದ್ದು ಲೆಕ್ಕದ ನೆಪದಲ್ಲಿ ಪೀಠದ ಅಧಿಕಾರವನ್ನೇ ಬೇರೊಬ್ಬರ ಕೈಗೆ ಕೊಡುವುದನ್ನು. ಈ ಸೂಕ್ಷ್ಮವನ್ನು ಹಿಡಿದವರಿಗೆ ಅವರ ಹೋರಾಟದ ಅರ್ಥವಾಗುತ್ತದೆ.

ತೀರ್ಪಿನ ಅನಂತರ ಏನಾಯಿತೆಂಬುದನ್ನೂ ಸಂಕ್ಷೇಪವಾಗಿ ತಿಳಿಸುವುದುಂಟು. ಮದ್ರಾಸು ಸರಕಾರವು 1954ರಲ್ಲೇ ಕಾಯಿದೆಯನ್ನು ತಿದ್ದಿ, ವಸೂಲಿಗೆ ಪ್ರತ್ಯೇಕ ನಿಧಿಯನ್ನೇರ್ಪಡಿಸಿ, ತೆರಿಗೆಯನ್ನು ಶುಲ್ಕದ ರೂಪಕ್ಕೆ ತಂದಿತು. ಆ ರೂಪವನ್ನು ಮುಂದೆ ಸುಪ್ರೀಮ್ ಕೋರ್ಟು ಒಪ್ಪಿತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೆ ಸೇರಿತು. 1957ರಲ್ಲಿ ಮೂಲ್ಕಿಯ ವೆಂಕಟರಮಣ ದೇವಾಲಯದ ವ್ಯಾಜ್ಯದಲ್ಲಿ ಅದೇ ನ್ಯಾಯಾಲಯವು, ಗೌಡ ಸಾರಸ್ವತರ ಪಂಗಡದ ಹಕ್ಕನ್ನು ಒಪ್ಪಿಕೊಂಡೇ, ಸಮಸ್ತ ಹಿಂದೂಗಳಿಗೆ ದೇವಾಲಯದ ಬಾಗಿಲನ್ನು ತೆರೆಯುವ ಶಾಸನವು ಅದಕ್ಕಿಂತ ಮೇಲೆಂದಿತು. ಪಂಗಡಕ್ಕೆ ವಿಶೇಷವಾದ ಕೆಲವು ಸೇವೆಗಳನ್ನು ಮಾತ್ರ ಕಾಯ್ದಿರಿಸಿತು. ಅಂದರೆ, ಶಿರೂರು ಮಠದ ತೀರ್ಪು ಕಟ್ಟಿದ ಗೋಡೆ ಸರಕಾರವನ್ನು ತಡೆಯುವುದಕ್ಕೇ ಹೊರತು ಭಕ್ತರನ್ನು ತಡೆಯುವುದಕ್ಕಲ್ಲ. 1978ರ ಸಂವಿಧಾನ ತಿದ್ದುಪಡಿಯಿಂದ ಆಸ್ತಿಯ ಮೂಲಭೂತ ಹಕ್ಕು ಹೋದುದರಿಂದ ತೀರ್ಪಿನ ಒಂದು ಆಧಾರಸ್ತಂಭ ಕಳಚಿತು. 26ನೆಯ ವಿಧಿಯ ಸ್ತಂಭ ನಿಂತಿತು. 1997ರ ಕರ್ನಾಟಕದ ಧರ್ಮದತ್ತಿ ಕಾಯಿದೆಯು ಮಠಗಳನ್ನೂ ಅವುಗಳಿಗೆ ಸೇರಿದ ದೇವಾಲಯಗಳನ್ನೂ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಧರ್ಮದ ಅವಶ್ಯಕ ಅಂಗವನ್ನು ನಿರ್ಣಯಿಸುವವರು ಯಾರು ಎಂಬ ಪ್ರಶ್ನೆ ಶಬರಿಮಲೆಯ ವ್ಯಾಜ್ಯದಲ್ಲಿ ಪುನಃ ಎದ್ದು, 2019ರಲ್ಲಿ ಹಿರಿಯ ಪೀಠಕ್ಕೆ ಒಪ್ಪಿಸಲ್ಪಟ್ಟಾಗ, ಅಲ್ಲಿಯೂ ಮೊದಲು ನೆನಪಾದದ್ದು ಶಿರೂರು ಮಠವೇ.

ಹೊರಗಿನ ಕಾನೂನು ಮಠವನ್ನು ಬಿಟ್ಟಷ್ಟೂ ಒಳಗಿನ ಧರ್ಮವು ಮಠವನ್ನು ಬಿಗಿಯಾಗಿ ಹಿಡಿಯಬೇಕು. ಅಧಿಕಾರಿಯು ಲೆಕ್ಕ ಕೇಳದ ಕಡೆ ಭಕ್ತನು ಕೇಳಬೇಕು. ಭಕ್ತನು ಸಂಕೋಚದಿಂದ ಕೇಳದ ಕಡೆ ಹಿಡಿದವನೇ ತಾನಾಗಿ ಒಪ್ಪಿಸಬೇಕು. ಪರ್ಯಾಯಕ್ಕೆ ಹೋಗಿ ಪ್ರಸಾದವನ್ನುಂಡು ಬರುವ ನಾವು, ಆ ಅನ್ನದ ಹಿಂದೆ ಯಾರ ಸಾಲವಿದೆಯೆಂಬುದನ್ನು ಒಮ್ಮೆಯಾದರೂ ವಿಚಾರಿಸಿದ್ದೇವೆಯೆ? 1946ರಲ್ಲಿ ಉಡುಪಿಗೆ ಬಂದ ಸಹಸ್ರಾರು ಜನರು ತಮ್ಮ ಕೈಲಾದಷ್ಟು ಅಕ್ಕಿ-ಬೇಳೆಗಳನ್ನು ಸಲ್ಲಿಸಿದ್ದರೆ ಆ ಹೊರೆ ಎಷ್ಟೋ ಹಗುರವಾಗುತ್ತಿದ್ದಿತು. ಮಠವನ್ನು ಸರಕಾರದಿಂದ ಕಾಪಾಡುವ ಉಪಾಯವು ನ್ಯಾಯಾಲಯದಲ್ಲಿ ಅರ್ಧವಿದ್ದರೆ, ಶಿಷ್ಯವರ್ಗದ ಮನೆಗಳಲ್ಲಿ ಇನ್ನರ್ಧವಿದೆ.

ಬಾಲ್ಯದಲ್ಲೇ ಪೀಠವನ್ನೇರಿ, ಯೌವನವನ್ನು ಸಾಲ ತೀರಿಸುವುದರಲ್ಲಿ ಕಳೆದು, ಪ್ರೌಢವಯಸ್ಸಿನಲ್ಲಿ ವ್ಯಾಜ್ಯದ ತಾಪವನ್ನು ಸಹಿಸಿದ ಆ ಯತಿವರ್ಯರು ತಮ್ಮೊಬ್ಬರ ಮಠಕ್ಕಾಗಿ ಹೋರಾಡಿ, ಎಲ್ಲ ಮತಗಳ ಸಂಸ್ಥೆಗಳಿಗೂ ನೆರಳನ್ನಿತ್ತರು. ಮುಂದಿನ ಸಲ ಉಡುಪಿಗೆ ಹೋಗುವ ಭಕ್ತರು ರಥಬೀದಿಯಲ್ಲಿ ಶಿರೂರು ಮಠದ ಮುಂದೆ ಒಂದು ಕ್ಷಣ ನಿಂತು, ಆ ಪುಣ್ಯಚರಿತರನ್ನು ಸ್ಮರಿಸಿ ಕೈಮುಗಿದು ಮುಂದುವರಿಯಲೆಂದು ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.