ಗೋಪಾಲಕೃಷ್ಣ ಗೋಖಲೆ ಮತ್ತು ಕಡ್ಡಾಯ ಶಿಕ್ಷಣದ ಮಸೂದೆ

ಶರಾವತಿಯ ಅಳಿವೆಯ ದಕ್ಷಿಣ ದಂಡೆಯಲ್ಲಿರುವ ನಮ್ಮ ಕಾಸರಕೋಡವು 1862ರಿಂದ 1956ರ ವರೆಗೆ ಮುಂಬಯಿ ಆಡಳಿತಕ್ಕೆ ಒಳಪಟ್ಟಿತ್ತು. ಆದುದರಿಂದ ಈ ಕರಾವಳಿಯ ಮಕ್ಕಳಿಗೆ ಅಕ್ಷರ ದೊರೆತ ಬಗೆಯನ್ನು ಅರಿಯಬಯಸುವವರು ಅದೇ ಪ್ರಾಂತದ ರತ್ನಾಗಿರಿ ಜಿಲ್ಲೆಯಲ್ಲಿ 1866ರ ಮೇ 9ರಂದು ಜನಿಸಿದ ಗೋಪಾಲಕೃಷ್ಣ ಗೋಖಲೆಯವರನ್ನು ಸ್ಮರಿಸಲೇಬೇಕು.

ಹದಿಮೂರನೆಯ ವಯಸ್ಸಿನಲ್ಲಿ ಅವರು ತಂದೆಯನ್ನು ಕಳೆದುಕೊಂಡರು. ಅಣ್ಣ ಗೋವಿಂದರಾಯರು ತಮ್ಮ ಓದನ್ನು ತೊರೆದು ಹದಿನೈದು ರೂಪಾಯಿ ಸಂಬಳದ ನೌಕರಿಗೆ ಸೇರಿದರು. ಅದರಲ್ಲಿ ಎಂಟು ರೂಪಾಯಿಗಳನ್ನು ತಮ್ಮನ ವಿದ್ಯಾಭ್ಯಾಸಕ್ಕೆ ಕಳುಹಿಸುತ್ತಿದ್ದರು. ಒಬ್ಬನ ಓದಿಗಾಗಿ ಇನ್ನೊಬ್ಬನ ಓದು ನಿಂತ ಆ ಮನೆಯ ನೆನಪು ಗೋಖಲೆಯವರನ್ನು ಬಿಟ್ಟಿರಲಾರದು. 1884ರಲ್ಲಿ ಪದವೀಧರರಾದ ಅವರು ಪುಣೆಯಲ್ಲಿ ಅಲ್ಪ ವೇತನಕ್ಕೆ ಸುಮಾರು ಎರಡು ದಶಕ ಅಧ್ಯಾಪನ ಮಾಡಿ, ಬಳಿಕ ವೈಸರಾಯರ ಶಾಸನಸಭೆಯನ್ನು ಪ್ರವೇಶಿಸಿದರು. 1905ರಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದರು.

1911ರ ಜನಗಣತಿಯಂತೆ ದೇಶದಲ್ಲಿ ನೂರಕ್ಕೆ ಸುಮಾರು ಆರು ಮಂದಿ ಮಾತ್ರ ಅಕ್ಷರಸ್ಥರು. ಬಡೋದೆಯ ಮಹಾರಾಜರು ತಮ್ಮ ಸಂಸ್ಥಾನದಲ್ಲಿ ಕಡ್ಡಾಯ ಶಿಕ್ಷಣವನ್ನು ಆಗಲೇ ಜಾರಿಗೆ ತಂದಿದ್ದರು. ಅಲ್ಲಿ ಸಾಧ್ಯವಾದುದು ಬ್ರಿಟಿಷ್ ಪ್ರಾಂತಗಳಲ್ಲೇಕೆ ಅಸಾಧ್ಯವೆಂದು ಕೇಳುತ್ತ ಗೋಖಲೆಯವರು 1911ರ ಮಾರ್ಚ್ 16ರಂದು ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಮಂಡಿಸಿದರು. ಅದು ಅತ್ಯಂತ ಎಚ್ಚರಿಕೆಯ ಮಸೂದೆ. ಆರರಿಂದ ಹತ್ತು ವರ್ಷದ ಗಂಡುಮಕ್ಕಳನ್ನು ಶಾಲೆಗೆ ಕಳುಹಿಸುವುದನ್ನು ಕಡ್ಡಾಯಗೊಳಿಸುವ ಅಧಿಕಾರ ಸ್ಥಳೀಯ ಸಂಸ್ಥೆಗಳಿಗೆ. ಅದಕ್ಕೂ ಸರಕಾರದ ಪೂರ್ವಾನುಮತಿ ಬೇಕು. ವೆಚ್ಚದಲ್ಲಿ ಮೂರರಲ್ಲೆರಡು ಪಾಲು ಸರಕಾರದ್ದಾಗಬೇಕೆಂಬುದು ಅವರ ಯೋಜನೆ. ತಿಂಗಳಿಗೆ ಹತ್ತು ರೂಪಾಯಿಗೂ ಕಡಿಮೆ ವರಮಾನವುಳ್ಳವರ ಮಕ್ಕಳಿಗೆ ಶುಲ್ಕವಿಲ್ಲ. ಬೇಸಾಯದ ಹಂಗಾಮಿನಲ್ಲಿ ಮಗು ಗೈರುಹಾಜರಾದರೆ ಅದಕ್ಕೂ ವಿನಾಯಿತಿಯಿತ್ತು. ರಂಪಣಿ ಬಲೆ ಎಳೆಯಲು ಹುಡುಗರ ಕೈಯೂ ಬೇಕಾಗುತ್ತಿದ್ದ ನಮ್ಮಂಥ ಊರಿನವರಿಗೆ ಈ ವಿನಾಯಿತಿಯ ಅರ್ಥವನ್ನು ವಿವರಿಸಬೇಕಾಗಿಲ್ಲ. ಹೆಣ್ಣುಮಕ್ಕಳಿಗೆ ಮುಂದೆ ವಿಸ್ತರಿಸಲು ಅವಕಾಶವನ್ನಷ್ಟೇ ಇರಿಸಿದ್ದರು. ಇದನ್ನು ಮಸೂದೆಯ ಕೊರತೆಯೆಂದೇ ಹೇಳಬೇಕು.

ಇಷ್ಟು ಮೆತ್ತಗಿನ ಮಸೂದೆಯನ್ನೂ ಸರಕಾರ ಒಪ್ಪಲಿಲ್ಲ. ಪ್ರಾಂತ ಸರಕಾರಗಳು ಖರ್ಚಿನ ಮಾತೆತ್ತಿದವು. ಜನರು ಇನ್ನೂ ಸಿದ್ಧರಾಗಿಲ್ಲವೆಂದವು. ಕೂಲಿಯಾಳುಗಳು ಕೈತಪ್ಪಿಯಾರೆಂಬ ಭಯ ಕೆಲವು ಜಮೀನ್ದಾರರಿಗೆ. ಮಸೂದೆ ಸೋಲುವುದೆಂದು ಗೋಖಲೆಯವರಿಗೆ ತಿಳಿದಿತ್ತು. ಆದರೂ ಹಿಂತೆಗೆದುಕೊಳ್ಳದೆ ಮತಕ್ಕೆ ಹಾಕಿಸಿದರು. 1912ರ ಮಾರ್ಚ್‌ನಲ್ಲಿ 13ಕ್ಕೆ 38 ಮತಗಳಿಂದ ಅದು ಬಿದ್ದುಹೋಯಿತು. 1915ರ ಫೆಬ್ರುವರಿ 19ರಂದು, ನಲವತ್ತೆಂಟರ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಮೂರು ವರ್ಷಗಳ ಬಳಿಕ ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ ಮುಂಬಯಿ ಪ್ರಾಂತದಲ್ಲಿ ಇಂಥದೇ ಕಾನೂನು ಬಂದಿತು. ಆದರೆ ಅದು ಪುರಸಭೆಗಳಿಗಷ್ಟೇ ಅನ್ವಯಿಸುತ್ತಿತ್ತು, ಹಳ್ಳಿಗಳು ಹೊರಗುಳಿದವು. 1923 ಮತ್ತು 1947ರ ಮುಂಬಯಿ ಕಾಯಿದೆಗಳು, ಜಿಲ್ಲೆ ಮೈಸೂರಿಗೆ ಸೇರಿದ ಮೇಲೆ 1961ರ ಕಾಯಿದೆ ಒಂದೊಂದಾಗಿ ಬಂದವು. ಆರರಿಂದ ಹದಿನಾಲ್ಕರ ವರೆಗಿನ ಎಲ್ಲ ಮಕ್ಕಳಿಗೂ ಶಿಕ್ಷಣದ ಹಕ್ಕು ಕಾಯಿದೆಯಾಗಿ ಜಾರಿಯಾದುದು 2010ರ ಏಪ್ರಿಲ್ 1ರಂದು.

ಗೋಖಲೆಯವರ ಸಮಾಜ ಮಾತ್ರ ಅಷ್ಟು ತಡಮಾಡದೆ ನಮ್ಮ ಜಿಲ್ಲೆಯನ್ನು ಮುಟ್ಟಿತ್ತು. ಅದರ ಸದಸ್ಯರಾದ ಅಂಕೋಲೆಯ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ, ಗೇಣಿದಾರರ ಮಕ್ಕಳೂ ನಡೆದುಹೋಗಬಹುದಾದಷ್ಟು ಹತ್ತಿರದಲ್ಲಿ ಹೈಸ್ಕೂಲುಗಳನ್ನು ತೆರೆಯುತ್ತ ಬಂದರು.